ಆ ರಾತ್ರಿ ಮಗು ನೋಡಿಕೊಂಡ ಹುಡುಗಿ

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ಕೂತು ‘ದಿ ಇನ್‌ಕ್ರೆಡಿಬಲ್ಸ್’ ಚಿತ್ರ ನೋಡಿದೆವು. ಅತಿಮಾನುಷ ಶಕ್ತಿಯುಳ್ಳ ಕುಟುಂಬದಲ್ಲಿ ಕೂಸು ಜ್ಯಾಕ್-ಜ್ಯಾಕ್‌ಗೆ ಮಾತ್ರ ಯಾವ ಶಕ್ತಿಯೂ ಇಲ್ಲ ಎಂದೇ ಮನೆಯವರೆಲ್ಲ ನಂಬಿರುತ್ತಾರೆ. ಕೊನೆಗೆ ನೋಡಿದರೆ ಅದು ಬೆಂಕಿಯಾಗುತ್ತದೆ, ಲೋಹವಾಗುತ್ತದೆ, ಪುಟ್ಟ ರಾಕ್ಷಸನೇ ಆಗುತ್ತದೆ! ಮಗುವನ್ನು ನೋಡಿಕೊಳ್ಳಲು ಬಂದ ಹುಡುಗಿ ಫೋನಿನಲ್ಲಿ ಗಾಬರಿಯಿಂದ ಕಿರುಚುವುದು ಕೇಳಿಸುತ್ತದೆಯೇ ಹೊರತು ಆ ರಾತ್ರಿ ಮನೆಯಲ್ಲಿ ಏನು ನಡೆಯಿತೆಂದು ತೋರಿಸುವುದೇ ಇಲ್ಲ. ಇದು ಕಥೆಯ ಲೋಪವೇ? ಉಳಿದವರಿಗೆ ಒಂದೆರಡು ಶಕ್ತಿ, ಈ ಮಗುವಿಗೆ ಮಾತ್ರ ಅಷ್ಟೊಂದು ಏಕೆ? ಗುರುತು ಪರಿಚಯವಿಲ್ಲದವನ ಕೈಗೆ ಮಗು ಕೊಟ್ಟ ಆ ಹುಡುಗಿಯದು ತಪ್ಪಲ್ಲವೇ?

ಉತ್ತರ: ಲೋಪವಲ್ಲ, ಬೇಕೆಂದೇ ಬಿಟ್ಟ ಜಾಗ ಅದು. ಅದನ್ನು ತುಂಬುವುದಕ್ಕೆ ಪಿಕ್ಸರ್ ಸ್ಟುಡಿಯೋ ಒಂದು ಕಿರುಚಿತ್ರವನ್ನೇ ಮಾಡಿತು. ಹೆಸರು ‘ಜ್ಯಾಕ್-ಜ್ಯಾಕ್ ಅಟ್ಯಾಕ್’. ದೊಡ್ಡ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 2004ರ ನವೆಂಬರ್‌ನಲ್ಲಿ. 2005ರ ಮಾರ್ಚ್‌ನಲ್ಲಿ ಅದರ ಡಿವಿಡಿ ಹೊರಬಂದಾಗ ಈ ಕಿರುಚಿತ್ರವೂ ಅದರಲ್ಲಿತ್ತು. ದೊಡ್ಡ ಚಿತ್ರವನ್ನು ಬರೆದು ನಿರ್ದೇಶಿಸಿದ ಬ್ರಾಡ್ ಬರ್ಡ್ ಅವರೇ ಇದನ್ನೂ ನಿರ್ದೇಶಿಸಿದರು. ಪೂರ್ತಿ ಐದು ನಿಮಿಷವೂ ಇಲ್ಲದ ಚಿತ್ರ. ನಿಮ್ಮ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ಮೂರನೆಯದಕ್ಕೆ ಇರುವ ಉತ್ತರವಂತೂ ನನಗೆ ಬಹಳ ಮುಖ್ಯ ಅನಿಸುತ್ತದೆ. ಈ ಕಿರುಚಿತ್ರದ ಹೆಸರು ಮಗುವಿನದಾದರೂ ಕಥೆ ಮಗುವನ್ನು ನೋಡಿಕೊಂಡವಳದು.

ಮೊದಲು ಬಿಟ್ಟ ಜಾಗದ ವಿಚಾರ. ತಾಯಿ ಹೆಲೆನ್ ಗಂಡನನ್ನು ಹುಡುಕಿಕೊಂಡು ಜೆಟ್ ವಿಮಾನದಲ್ಲಿ ಒಂದು ದ್ವೀಪದ ಕಡೆ ಹೊರಟಿದ್ದಾಳೆ. ದೊಡ್ಡ ಮಕ್ಕಳಿಬ್ಬರು, ವಯೊಲೆಟ್ ಮತ್ತು ಡ್ಯಾಶ್, ಕದ್ದು ಅದೇ ವಿಮಾನ ಹತ್ತಿದ್ದಾರೆ. ಕೂಸನ್ನು ನೋಡಿಕೊಳ್ಳಲು ಕ್ಯಾರಿ ಎಂಬ ಹುಡುಗಿಯನ್ನು ಗೊತ್ತುಮಾಡಿದ್ದೇವೆ ಎಂದು ಅವರು ಹೇಳಿದಾಗ ಹೆಲೆನ್ ವಿಮಾನದಿಂದಲೇ ಆಕೆಗೆ ಫೋನ್ ಮಾಡುತ್ತಾಳೆ. ಸ್ವಲ್ಪ ಹೊತ್ತಿಗೆ ವಿಮಾನಕ್ಕೆ ಕ್ಷಿಪಣಿ ಬಡಿಯುತ್ತದೆ. ಅಲ್ಲಿಂದ ಮುಂದೆ ಕಥೆಯೆಲ್ಲ ಕಾಡು, ಸಮುದ್ರ, ರೋಬೋಗಳ ನಡುವೆ. ಅದರ ಮಧ್ಯೆ ಮತ್ತೆ ಮತ್ತೆ ಮನೆಗೆ ಬಂದು ಮಗುವಿನ ಆಟ ತೋರಿಸಿದ್ದರೆ ಎರಡು ನಷ್ಟವಾಗುತ್ತಿತ್ತು. ದ್ವೀಪದ ಬಿಗಿ ಸಡಿಲವಾಗುತ್ತಿತ್ತು. ಕೊನೆಯಲ್ಲಿ ಖಳನಾಯಕ ಸಿಂಡ್ರೋಮ್ ಮಗುವನ್ನು ಎತ್ತಿಕೊಂಡು ಹಾರಿದಾಗ ನಮ್ಮ ಎದೆ ಧಸಕ್ಕೆನ್ನುತ್ತಿರಲಿಲ್ಲ. ಸಿಂಡ್ರೋಮ್‌ನ ಕೈಯಲ್ಲಿ ಮಗುವಿನ ಶಕ್ತಿ ಹೊರಬೀಳುವ ಕ್ಷಣದಲ್ಲೇ ನಾವೂ ಅದನ್ನು ಮೊದಲ ಸಲ ನೋಡಬೇಕು. ಅದಕ್ಕೇ ಆ ರಾತ್ರಿಯನ್ನು ಮುಚ್ಚಿಟ್ಟು, ಕ್ಯಾರಿ ಫೋನಿನಲ್ಲಿ ಬಿಟ್ಟ ಸಂದೇಶಗಳನ್ನಷ್ಟೇ ಕೇಳಿಸುತ್ತಾರೆ.

ಹಾಗೆಂದು ಸುಳಿವೇ ಕೊಟ್ಟಿಲ್ಲ ಎಂದಲ್ಲ. ವಸ್ತ್ರವಿನ್ಯಾಸಕಿ ಎಡ್ನಾ ಮೋಡ್ ಹೆಲೆನ್‌ಗೆ ಹೊಸ ಉಡುಪುಗಳನ್ನು ತೋರಿಸುವ ದೃಶ್ಯ ನೆನಪಿಸಿಕೊಳ್ಳಿ. ಮೊದಲು ಬರುವುದೇ ಕೂಸಿನ ಉಡುಪು. ಸೂಕ್ಷ್ಮ ಚರ್ಮಕ್ಕೆ ಹಿತವಾದದ್ದು, ಸಾವಿರ ಡಿಗ್ರಿಗೂ ಮೀರಿದ ಶಾಖ ತಡೆಯುವಂಥದ್ದು, ಗುಂಡು ತೂರದಂಥದ್ದು, ವಾಷಿಂಗ್ ಮಷೀನಿಗೂ ಹಾಕಬಹುದಾದದ್ದು. ಅವನಿಗೆ ಶಕ್ತಿಯೇ ಇಲ್ಲವಲ್ಲ ಎಂದು ತಾಯಿಗೆ ಅಚ್ಚರಿ. ಊಟದ ಮೇಜಿನ ಜಗಳದಲ್ಲಿ ವಯೊಲೆಟ್ ಕೂಡ ನಮ್ಮ ಮನೆಯಲ್ಲಿ ಎಲ್ಲರಂತಿರುವುದು ಜ್ಯಾಕ್-ಜ್ಯಾಕ್ ಒಬ್ಬನೇ ಎಂದು ರೇಗುತ್ತಾಳೆ. ಎರಡನೆಯ ಸಲ ನೋಡುವಾಗ ಇವೆಲ್ಲ ಕಣ್ಣಿಗೆ ಬೀಳುತ್ತವೆ.

ದೊಡ್ಡ ಚಿತ್ರದ ಬದಿಯಲ್ಲಿ ಹೀಗೊಂದು ಸಣ್ಣ ಕಥೆ ಇಡುವುದು ಪಿಕ್ಸರ್‌ನಲ್ಲಿ ಆಗ ರೂಢಿಯಾಗುತ್ತಿತ್ತು. 2002ರಲ್ಲಿ ‘ಮಾನ್‌ಸ್ಟರ್ಸ್ ಇಂಕ್’ ಡಿವಿಡಿಯ ಜೊತೆ ‘ಮೈಕ್ಸ್ ನ್ಯೂ ಕಾರ್’ ಬಂದಿತ್ತು. 2008ರಲ್ಲಿ ‘ವಾಲ್-ಇ’ ಜೊತೆ ಬಂದ ‘ಬರ್ನ್-ಇ’ ದೊಡ್ಡ ಚಿತ್ರ ನಡೆಯುವಾಗಲೇ ಅದರ ಅಂಚಿನಲ್ಲಿ ಒಂದು ದುರಸ್ತಿ ರೋಬೋ ಪಡುವ ಪಾಡನ್ನು ತೋರಿಸುತ್ತದೆ. ‘ಜ್ಯಾಕ್-ಜ್ಯಾಕ್ ಅಟ್ಯಾಕ್’ ಕೂಡ ಅದೇ ಬಗೆಯದು. ಲೋಕ ಉಳಿಸುವವರು ಅತ್ತ ಹೋಗಿದ್ದಾಗ ಮನೆಯಲ್ಲಿ ಉಳಿದವಳ ಕಥೆ.

ಈಗ ಆ ರಾತ್ರಿಗೆ ಬರೋಣ. ಚಿತ್ರ ತೆರೆದುಕೊಳ್ಳುವುದು ವಿಚಾರಣೆಯ ಕೋಣೆಯಲ್ಲಿ. ಸುತ್ತ ಕತ್ತಲೆ, ಮೇಜಿನ ಮೇಲೆ ಒಂದು ದೀಪ. ಎದುರಿಗೆ ಕೂತಿರುವವನು ಸರ್ಕಾರಿ ಅಧಿಕಾರಿ ರಿಕ್ ಡಿಕರ್. ಅವನು ಕೇಳುತ್ತಾನೆ, ಕ್ಯಾರಿ ನಡೆದದ್ದನ್ನು ಹೇಳುತ್ತಾ ಹೋಗುತ್ತಾಳೆ. ಅವಳ ಮಾತಿನ ಮೇಲೇ ದೃಶ್ಯ ಬದಲಾಗಿ ನಾವು ಆ ಮನೆಯೊಳಗೆ ಹೋಗುತ್ತೇವೆ. ಹೆಲೆನ್ ಜೊತೆಗಿನ ಮಾತು ಆಗಷ್ಟೇ ಮುಗಿದಿದೆ. ಕ್ಯಾರಿ ಹುಮ್ಮಸ್ಸಿನಲ್ಲಿದ್ದಾಳೆ. ಮಗುವಿನ ಬುದ್ಧಿ ಚುರುಕಾಗಲಿ ಎಂದು ಮೊಜಾರ್ಟ್ ಸಂಗೀತ ಹಾಕುತ್ತಾಳೆ. ಅಲ್ಲಿಂದ ಶುರುವಾಗುತ್ತದೆ. ಕೂಸು ಗಾಳಿಯಲ್ಲಿ ತೇಲುತ್ತದೆ. ಇಲ್ಲಿದ್ದದ್ದು ಅಲ್ಲಿ, ಅಲ್ಲಿದ್ದದ್ದು ಮತ್ತೆಲ್ಲೋ. ಗಟ್ಟಿಯಾದದ್ದನ್ನೂ ತೂರಿಕೊಂಡು ಹೋಗುತ್ತದೆ. ಕಣ್ಣಿನಿಂದ ಲೇಸರ್ ಕಿರಣ ಹೊರಡುತ್ತದೆ.

ಒಂದು ಪ್ರಸಂಗವನ್ನು ನಿಧಾನವಾಗಿ ನೋಡಿ. ಮಗುವನ್ನು ಎದುರಿಗೆ ಕೂರಿಸಿಕೊಂಡು ಕ್ಯಾರಿ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಿದ್ದಾಳೆ. ತ್ರಿಕೋನ ಬಂತು. ಮುಂದಿನ ಕಾರ್ಡಿನಲ್ಲಿ ಉರಿಯುವ ಸೌದೆಯ ಚಿತ್ರ. ಮಗು ನೋಡುತ್ತದೆ, ನೋಡಿದ ಗಳಿಗೆಯಲ್ಲೇ ಅದರ ಮೈಯೆಲ್ಲ ಧಗ್ಗನೆ ಹೊತ್ತಿಕೊಳ್ಳುತ್ತದೆ. ಇಲ್ಲಿ ನಗು ಬರುವುದು ಬೆಂಕಿಗಲ್ಲ, ಮಗು ಪಾಠವನ್ನು ಅಷ್ಟು ಚೆನ್ನಾಗಿ ಕಲಿತದ್ದಕ್ಕೆ. ಕಂಡದ್ದನ್ನು ಅನುಕರಿಸುವುದು ಎಳೆಯ ಮಕ್ಕಳೆಲ್ಲರ ಸ್ವಭಾವ. ನೀವು ನಾಲಿಗೆ ಚಾಚಿದರೆ ಅದೂ ಚಾಚುತ್ತದೆ, ಚಪ್ಪಾಳೆ ತಟ್ಟಿದರೆ ಅದೂ ತಟ್ಟುತ್ತದೆ. ಈ ಕೂಸಿಗೆ ಬೆಂಕಿ ತೋರಿಸಿದರು, ಬೆಂಕಿಯಾಯಿತು.

ಉಳಿದ ಶಕ್ತಿಗಳನ್ನೂ ಹೀಗೇ ನೋಡಬಹುದು. ಅಂಬೆಗಾಲಿಡುವ ಮಗು ಮನೆಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲೇ ಕೂರಿಸಿದ್ದೆ, ಹಾಲು ಕಾಯಿಸಿ ತಿರುಗುವಷ್ಟರಲ್ಲಿ ಎಲ್ಲಿಗೆ ಹೋಯಿತೋ ಎಂದು ಹುಡುಕುವುದು ದಿನನಿತ್ಯದ ಮಾತು. ಎಷ್ಟು ಬಿಗಿಯಾಗಿ ಹಿಡಿದರೂ ಜಾರಿಕೊಳ್ಳುತ್ತದೆ. ಕೈಗೆ ಸಿಗದಿರಲಿ ಎಂದು ಎತ್ತರದಲ್ಲಿಟ್ಟದ್ದೇ ಅದರ ಕೈಯಲ್ಲಿರುತ್ತದೆ. ಅಳು ಶುರುವಾದರೆ ಮೈ ಕೆಂಪೇರಿ ಕಾದುಹೋಗುತ್ತದೆ. ಕಿರುಚಿತ್ರ ಇವನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಮಾಯವಾಗುವುದು ನಿಜವಾಗಿ ಮಾಯವಾಗುವುದಾಗುತ್ತದೆ, ಜಾರಿಕೊಳ್ಳುವುದು ಗೋಡೆಯಾಚೆಗೇ ಜಾರುವುದಾಗುತ್ತದೆ. ಹೀಗಾಗಿ ಎಷ್ಟು ಅತಿರೇಕಕ್ಕೆ ಹೋದರೂ ಒಂದು ಚೌಕಟ್ಟಿನಲ್ಲಿ ಎಲ್ಲವೂ ನಂಬಿಕೆಗೆ ಬರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ಮನೆಯಲ್ಲಿ ಯಾರು ಯಾವ ಜಾಗದಲ್ಲಿದ್ದಾರೋ ಅದಕ್ಕೆ ತಕ್ಕಂತೆ ಶಕ್ತಿ ಕೊಟ್ಟೆ ಎಂದು ಬ್ರಾಡ್ ಬರ್ಡ್ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ತಂದೆ ಎಂದರೆ ಗಟ್ಟಿಯಾಗಿರಬೇಕು ಎಂದು ಎಲ್ಲರೂ ಬಯಸುತ್ತಾರೆ, ಬಾಬ್‌ಗೆ ಅಪಾರ ಬಲ. ತಾಯಿಯನ್ನು ಎಲ್ಲರೂ ಎಲ್ಲ ಕಡೆಗೂ ಎಳೆಯುತ್ತಾರೆ, ಹೆಲೆನ್ ಎಷ್ಟು ಬೇಕಾದರೂ ಹಿಗ್ಗುತ್ತಾಳೆ. ಹದಿಹರೆಯದ ವಯೊಲೆಟ್‌ಗೆ ಯಾರ ಕಣ್ಣಿಗೂ ಬೀಳದಿದ್ದರೆ ಸಾಕು, ಅವಳು ಅದೃಶ್ಯಳಾಗುತ್ತಾಳೆ, ಸುತ್ತ ರಕ್ಷಣೆಯ ಗೋಳ ಕಟ್ಟಿಕೊಳ್ಳುತ್ತಾಳೆ. ಹತ್ತು ವರ್ಷದ ಡ್ಯಾಶ್‌ಗೆ ಕೂತಲ್ಲಿ ಕೂರಲಾಗದು, ಅವನದು ಮಿಂಚಿನ ಓಟ. ಕೂಸು ಮಾತ್ರ ಇನ್ನೂ ಏನೂ ಆಗಿಲ್ಲ. ಮುಂದೆ ಏನಾದೀತೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಅದು ಏನು ಬೇಕಾದರೂ ಆಗಬಲ್ಲದು. ಜ್ಯಾಕ್-ಜ್ಯಾಕ್‌ನ ಶಕ್ತಿಗಳಿಗೆ ಲೆಕ್ಕವಿಲ್ಲದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ತೊಟ್ಟಿಲಲ್ಲಿರುವ ಪ್ರತಿ ಮಗುವಿನ ವಿಷಯದಲ್ಲೂ ಇದು ನಿಜ.

ಕಿವಿಗೆ ಬೀಳುವುದರಲ್ಲೂ ಇದೇ ನಿಜದ ಸೊಗಡಿದೆ. ಜ್ಯಾಕ್-ಜ್ಯಾಕ್‌ನ ತೊದಲು, ಕೇಕೆ, ಗೊಣಗಾಟಗಳಿಗೆ ಧ್ವನಿಮುದ್ರಿಸಿಕೊಂಡದ್ದು ಚಿತ್ರತಂಡದವರ ಸ್ವಂತ ಮಕ್ಕಳದ್ದನ್ನು. ದೊಡ್ಡವರು ಮಗುವಿನಂತೆ ಮಾತಾಡಿದ್ದಲ್ಲ. ಕ್ಯಾರಿಗೆ ಧ್ವನಿ ಕೊಟ್ಟ ಬ್ರೆಟ್ ಪಾರ್ಕರ್ ಅದೇ ಸ್ಟುಡಿಯೋದ ಆ್ಯನಿಮೇಟರ್. ಗಂಟಲು ಒತ್ತರಿಸಿ ಬರುವ ಆ ದನಿಯಲ್ಲಿ ಮಾತು ಮಾತಿನ ಮೇಲೆ ಬೀಳುತ್ತದೆ. ನಿದ್ದೆಗೆಟ್ಟವರು ಮಾತಾಡುವುದೇ ಹಾಗೆ. ಡಿಕರ್‌ನ ಒರಟು, ಏರಿಳಿತವಿಲ್ಲದ ದನಿ ಬಡ್ ಲಕಿ ಅವರದು. ‘ಟಾಯ್ ಸ್ಟೋರಿ’ಯ ವುಡಿಗೆ ರೂಪ ಕೊಟ್ಟ ಹಿರಿಯ ಕಲಾವಿದ ಅವರು. ಒಬ್ಬಳು ಎದ್ದುಬಿದ್ದು ಹೇಳುತ್ತಾಳೆ, ಇನ್ನೊಬ್ಬ ಅಲುಗಾಡದೆ ಕೇಳುತ್ತಾನೆ. ಕಿರುಚಿತ್ರದ ಹಾಸ್ಯದ ಅರ್ಧ ಬಲ ಈ ಎರಡು ದನಿಗಳ ನಡುವೆ ಇದೆ.

ಮೊಜಾರ್ಟ್ ವಿಷಯಕ್ಕೂ ಒಂದು ಹಿನ್ನೆಲೆ ಇದೆ. ಆ ಕಾಲದ ಅಮೆರಿಕದ ತಂದೆತಾಯಿಯರಿಗೆ ಅದು ಕೂಡಲೇ ಗೊತ್ತಾಗುತ್ತಿತ್ತು. 1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಮೂವರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ವರದಿ ಪ್ರಕಟಿಸಿದರು. ಹತ್ತು ನಿಮಿಷ ಮೊಜಾರ್ಟ್ ರಚನೆ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕಾರ, ಜಾಗಗಳನ್ನು ಊಹಿಸುವ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಪಡೆದರು. ಆ ಪರಿಣಾಮ ಕಾಲು ಗಂಟೆಯೂ ದಾಟಲಿಲ್ಲ. ವರದಿಯಲ್ಲಿ ಹಸುಳೆಗಳ ಮಾತೇ ಇರಲಿಲ್ಲ. ಆದರೂ ಸುದ್ದಿ ಬಾಯಿಂದ ಬಾಯಿಗೆ ಬೆಳೆದು, ಮೊಜಾರ್ಟ್ ಕೇಳಿಸಿದರೆ ಕೂಸು ಜಾಣವಾಗುತ್ತದೆ ಎಂಬಲ್ಲಿಗೆ ಬಂತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಮುಟ್ಟಿಸಲು ಬಜೆಟ್‌ನಲ್ಲಿ 1,05,000 ಡಾಲರ್ ಬೇಡಿಕೆ ಇಟ್ಟರು. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದವರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಮೊಜಾರ್ಟ್‌ಗೇ ವಿಶೇಷವಾದ ಅಂಥ ಗುಣವೇನೂ ಕಾಣದೆಂದು ತೀರ್ಮಾನಿಸಿದರು.

2004ರ ಕ್ಯಾರಿ ಈ ಮಾತುಗಳ ನಡುವೆ ಬೆಳೆದವಳು. ಅಮೆರಿಕದಲ್ಲಿ ನೆರೆಹೊರೆಯ ಹದಿಹರೆಯದ ಹುಡುಗಿಯರು ಗಂಟೆಗಿಷ್ಟು ಎಂದು ಹಣ ಪಡೆದು ಮಕ್ಕಳನ್ನು ನೋಡಿಕೊಳ್ಳುವುದು ಹಳೆಯ ಪದ್ಧತಿ. ಅದಕ್ಕಾಗಿ ರೆಡ್‌ಕ್ರಾಸ್‌ನಂಥ ಸಂಸ್ಥೆಗಳು ತರಬೇತಿಯನ್ನೂ ಕೊಡುತ್ತವೆ. ಕ್ಯಾರಿಯೂ ಕಲಿತು ಬಂದವಳು. ಕೇಳಿದರೆ ಸರ್ಟಿಫಿಕೇಟ್ ತೋರಿಸುತ್ತೇನೆ ಎಂದು ಹೆಲೆನ್‌ಗೆ ಹೇಳುತ್ತಾಳೆ. ತನಗೆ ಹೇಳಿಕೊಟ್ಟದ್ದನ್ನೆಲ್ಲ ಶ್ರದ್ಧೆಯಿಂದ ಮಾಡುತ್ತಾಳೆ. ಗಲಾಟೆ ಏರುತ್ತಿದ್ದಂತೆ ಹಿನ್ನೆಲೆಯಲ್ಲಿ ಕೇಳುವುದು ಮೊಜಾರ್ಟ್‌ನ ‘ರೆಕ್ವಿಯಮ್’ ಕೃತಿಯ ‘ದೀಯೆಸ್ ಈರೇ’ ಭಾಗ. ಅದು ಮೃತರ ಸದ್ಗತಿಗಾಗಿ ರಚಿಸಿದ ಕೃತಿ. 1791ರ ಡಿಸೆಂಬರ್‌ನಲ್ಲಿ ಮೊಜಾರ್ಟ್ ಕಣ್ಣುಮುಚ್ಚಿದಾಗ ಇನ್ನೂ ಮುಗಿದಿರಲಿಲ್ಲ. ಆ ಭಾಗದ ಸಾಹಿತ್ಯ ವರ್ಣಿಸುವುದು ಲೋಕ ಬೂದಿಯಾಗುವ ಕೊನೆಯ ದಿನವನ್ನು. ಮಗುವಿನ ಬುದ್ಧಿ ಚುರುಕಾಗಲೆಂದು ಯಾರ ಸಂಗೀತ ಹಾಕಿದಳೋ ಅವರದೇ ಸಂಗೀತ, ಮನೆ ರಣರಂಗವಾದಾಗ ಹೀಗೆ ಅಬ್ಬರಿಸುತ್ತದೆ. ಇದನ್ನು ಆರಿಸಿಕೊಂಡವರ ಜಾಣ್ಮೆ ದೊಡ್ಡದು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಅದಕ್ಕೆ ಉತ್ತರಿಸುವ ಮುಂಚೆ ಇಂಥ ಹಳೆಯ ಕಾರ್ಟೂನುಗಳನ್ನು ನೆನೆಯಬೇಕು. ಮಗು ಕಣ್ತಪ್ಪಿಸಿ ಹೋಗುವುದು, ಕಾಯುವವರು ಅದರ ಹಿಂದೆ ಏಟು ತಿನ್ನುತ್ತಾ ಓಡುವುದು ಆ್ಯನಿಮೇಷನ್‌ನಲ್ಲಿ ಬಹಳ ಹಳೆಯ ವಸ್ತು. 1937ರ ಪಾಪೈ ಕಾರ್ಟೂನ್ ‘ಲಾಸ್ಟ್ ಅಂಡ್ ಫೌಂಡ್ರಿ’ಯಲ್ಲಿ ಸ್ವೀಪೀ ಎಂಬ ಕೂಸು ಕಾರ್ಖಾನೆಯ ಯಂತ್ರಗಳ ನಡುವೆ ಹರಿದಾಡುತ್ತದೆ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ತೆರೆದುಕೊಳ್ಳುವುದೇ ಬೇಬಿ ಹರ್ಮನ್ ಅಡುಗೆಮನೆಯಲ್ಲಿ ಬಿಸ್ಕತ್ತಿನ ಆಸೆಗೆ ಎಲ್ಲೆಲ್ಲೋ ಹತ್ತಿ, ಕಾಯಲು ನಿಂತ ಮೊಲ ಜರ್ಜರಿತವಾಗುವುದರಿಂದ. ನಮ್ಮ ಮನೆಗಳಲ್ಲಿ ಟಿವಿಯಲ್ಲಿ ಎಷ್ಟೋ ಸಲ ಬಂದುಹೋದ ಟಾಮ್ ಅಂಡ್ ಜೆರ್ರಿಯಲ್ಲೂ ಎರಡಿವೆ, 1956ರ ‘ಬಿಜಿ ಬಡೀಸ್’ ಮತ್ತು 1958ರ ‘ಟಾಟ್ ವಾಚರ್ಸ್’. ಆ ಎರಡರಲ್ಲೂ ಮಗು ನೋಡಿಕೊಳ್ಳಲು ಬಂದ ಹುಡುಗಿ ಜೀನಿ ಫೋನಿನಲ್ಲಿ ಮುಳುಗಿದ್ದಾಳೆ. ಎರಡನೆಯದರಲ್ಲಂತೂ ಮಗು ಹೊಸ್ತಿಲು ದಾಟಿ ಕಟ್ಟಡದ ಕಾಮಗಾರಿಯ ಉಕ್ಕಿನ ತೊಲೆಗಳ ಮೇಲೆ ತೆವಳುತ್ತಿದ್ದರೂ ಅವಳಿಗೆ ತಿಳಿಯದು. ಕೊನೆಗೆ ಬೆಕ್ಕು ಇಲಿಗಳೇ ಜಗಳ ಬಿಟ್ಟು ಮಗುವನ್ನು ಕಾಪಾಡುತ್ತವೆ.

ಇವೆಲ್ಲದರಲ್ಲೂ ಅಪಾಯ ಹೊರಗಿದೆ: ಯಂತ್ರದಲ್ಲಿ, ಒಲೆಯಲ್ಲಿ, ತೊಲೆಯ ಅಂಚಿನಲ್ಲಿ. ಮಗುವಿಗೆ ಏನೂ ಆಗದಿರುವುದು ಅದೃಷ್ಟದಿಂದ. ಕಾಯುವವರು ಮೊದಲ ಏಟಿನಿಂದ ಕೊನೆಯ ಏಟಿನವರೆಗೆ ಏನೂ ಕಲಿಯುವುದಿಲ್ಲ, ಕಲಿತರೆ ಹಾಸ್ಯವೇ ನಿಂತುಹೋಗುತ್ತದೆ. ‘ಜ್ಯಾಕ್-ಜ್ಯಾಕ್ ಅಟ್ಯಾಕ್’ ಇದನ್ನೆಲ್ಲ ತಿರುಗಿಸಿ ಹಾಕಿತು. ಇಲ್ಲಿ ಅಪಾಯ ಮಗುವಿನೊಳಗೇ ಇದೆ. ಫೋನ್ ಹಿಡಿದ ಹುಡುಗಿ ಇಲ್ಲೂ ಇದ್ದಾಳೆ, ಆದರೆ ಇವಳು ಫೋನ್ ಮಾಡುತ್ತಿರುವುದು ಮಗುವಿನ ತಾಯಿಗೆ. ಅತ್ತ ವಿಮಾನವೇ ಚೂರಾಗಿರುವುದರಿಂದ ಸಂಪರ್ಕ ಕಡಿದುಹೋಗುತ್ತದೆ. ಮನೆಯಲ್ಲಿ ಅವಳೊಬ್ಬಳೇ, ಎದುರಿಗೆ ಏನೆಂದು ಹೇಳಲಾಗದ ಮಗು, ಮುಂದೆ ಇಡೀ ರಾತ್ರಿ.

ಅವಳು ಓಡಿಹೋಗುವುದಿಲ್ಲ. ಕಿರುಚುತ್ತಾಳೆ, ಬೆಚ್ಚುತ್ತಾಳೆ, ಆಮೇಲೆ ಕಲಿಯುತ್ತಾಳೆ. ಉರಿಯುವ ಕೂಸನ್ನು ಬರಿಗೈಯಲ್ಲಿ ಹಿಡಿಯಲಾಗದು, ಹಾಗಾಗಿ ಅಗ್ಗಿಷ್ಟಿಕೆಯ ಇಕ್ಕಳದಲ್ಲಿ ಹಿಡಿದು ಬಾತ್‌ಟಬ್ಬಿನ ನೀರಿಗೆ ಅದ್ದುತ್ತಾಳೆ. ಕಣ್ಣಿನ ಕಿರಣ ಬಂದರೆ ಕನ್ನಡಿ ಅಡ್ಡ ಹಿಡಿದು ತಿರುಗಿಸುತ್ತಾಳೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಳ್ಳುತ್ತಾಳೆ. ಬೆಳಗಾಗುವ ಹೊತ್ತಿಗೆ ಕೂದಲು ಕೆದರಿ, ಕಣ್ಣು ಕೆಂಪಾಗಿ ಸೋತುಹೋಗಿದ್ದಾಳೆ. ಆದರೆ ಮಗು ಮುಂದೇನು ಮಾಡುತ್ತದೆ ಎಂಬುದು ಅದಕ್ಕಿಂತ ಮೊದಲೇ ಅವಳಿಗೆ ಗೊತ್ತು. ಈ ಬದಲಾವಣೆಯನ್ನು ತೋರಿಸುವ ಕೆಲವೇ ಸೆಕೆಂಡುಗಳು ಚಿತ್ರದ ತಿರುಳು ಎಂದು ನಾನು ನಂಬಿದ್ದೇನೆ. ಸಂಜೆ ಪುಸ್ತಕದಲ್ಲಿದ್ದುದನ್ನು ಪಾಲಿಸುತ್ತಿದ್ದ ಹುಡುಗಿ ಬೆಳಗಿನ ಹೊತ್ತಿಗೆ ಆ ಒಂದು ಮಗುವನ್ನು ಅರಿತವಳಾಗಿದ್ದಾಳೆ. ಮಕ್ಕಳನ್ನು ಸಾಕಿದವರೆಲ್ಲ ಈ ದಾರಿಯಲ್ಲಿ ನಡೆದವರೇ. ಯಾರೋ ಹೇಳಿಕೊಟ್ಟದ್ದು ಮೊದಲ ರಾತ್ರಿಯಲ್ಲೇ ಮುಗಿದುಹೋಗುತ್ತದೆ. ಆಮೇಲೆ ಕೈ ಹಿಡಿಯುವುದು ಆ ಮಗುವಿನಿಂದಲೇ ಕಲಿತದ್ದು.

ಅಂಥ ಬೆಳಗಿನಲ್ಲಿ ಬಾಗಿಲು ಬಡಿಯುತ್ತದೆ. ಹೊರಗೆ ಸಿಂಡ್ರೋಮ್. ಅವನ ಎದೆಯ ಮೇಲೆ ‘ಎಸ್’ ಅಕ್ಷರ. ಬದಲಿಗೆ ಮಗು ನೋಡಿಕೊಳ್ಳಲು ಬಂದವನು ತಾನು ಎಂದು ಅವನು ನಂಬಿಸುತ್ತಾನೆ, ಆ ಅಕ್ಷರಕ್ಕೂ ಅದಕ್ಕೆ ತಕ್ಕ ಅರ್ಥ ಕೊಡುತ್ತಾನೆ. ಕ್ಯಾರಿ ಮಗುವನ್ನು ಕೊಟ್ಟುಬಿಡುತ್ತಾಳೆ. ಅಪರಿಚಿತನಿಗೆ ಕೊಟ್ಟೆಯಾ ಎಂದು ಡಿಕರ್ ಕೇಳುವುದೂ ಇದನ್ನೇ, ನೀವು ಕೇಳುವುದೂ ಇದನ್ನೇ. ಮಗು ಕಾಯುವ ಕೆಲಸದ ಮೊದಲ ನಿಯಮವನ್ನು ಅವಳು ಮುರಿದಳು, ಆ ತಪ್ಪು ತಪ್ಪೇ. ಆದರೆ ಅದು ಅಸಡ್ಡೆಯಿಂದ ಆದದ್ದಲ್ಲ. ನಿದ್ದೆಯಿಲ್ಲದ ರಾತ್ರಿ, ಬಾರದ ಉತ್ತರ, ಸಹಾಯಕ್ಕೆ ಯಾರೂ ಇಲ್ಲದ ಮನೆ, ಇವು ಮೂರೂ ಕೂಡಿದಾಗ ಯಾರ ವಿವೇಕವೂ ಸೋಲುತ್ತದೆ. ಅವಳು ಕಾದಿದ್ದು ಇನ್ನೊಂದು ಜೊತೆ ಕೈಗಳಿಗೆ. ಬಂದವನ ಕೈ ಕೆಟ್ಟದ್ದಾಗಿತ್ತು. ದೊಡ್ಡವರೆಲ್ಲ ಲೋಕ ಉಳಿಸಲು ಹೋಗಿ ಒಂಟಿಯಾಗಿ ಬಿಟ್ಟ ಹುಡುಗಿಯ ತಲೆಗೆ ಈ ತಪ್ಪನ್ನು ಪೂರ್ತಿ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೂ ನೋವಾಗುವುದು ಆಮೇಲೆ ನಡೆಯುವುದಕ್ಕೆ. ಇದನ್ನೆಲ್ಲ ಮರೆತರೆ ಸಾಕಾಗಿದೆ ಎನ್ನುತ್ತಾಳೆ ಕ್ಯಾರಿ. ಡಿಕರ್ ಅದಕ್ಕೊಪ್ಪಿ ಯಂತ್ರದಿಂದ ಅವಳ ನೆನಪನ್ನೇ ಅಳಿಸಿಬಿಡುತ್ತಾನೆ. ಆ ಮನೆಯವರ ಗುಟ್ಟು ಉಳಿಯಬೇಕಲ್ಲ. ನೋಡುವಾಗ ನಗು ಬರುತ್ತದೆ. ಆಮೇಲೆ ಯೋಚಿಸಿದರೆ, ಅವಳು ಕಳೆದುಕೊಂಡದ್ದು ಹೆದರಿಕೆಯನ್ನಷ್ಟೇ ಅಲ್ಲ, ತಾನು ಅದನ್ನು ಗೆದ್ದೆ ಎಂಬ ಅರಿವನ್ನೂ ಹೌದು. ಭಾಗವತದ ಯಶೋದೆಯೂ ಮಗುವಿನ ಬಾಯಲ್ಲಿ ಬ್ರಹ್ಮಾಂಡ ಕಂಡು, ಮರುಗಳಿಗೆ ವಿಷ್ಣುಮಾಯೆಯಿಂದ ಅದನ್ನು ಮರೆಯುತ್ತಾಳೆ. ಆ ಕಥೆಗೂ ಈ ಚಿತ್ರಕ್ಕೂ ಸಂಬಂಧವಿಲ್ಲ, ಆದರೆ ಅದನ್ನು ಕೇಳಿ ಬೆಳೆದ ನಮಗೆ ಇಲ್ಲಿ ಅದು ನೆನಪಾಗದೆ ಇರದು. ಯಶೋದೆಗೆ ಮರೆವು ಬಂದದ್ದು ಅವಳ ಒಳ್ಳೆಯದಕ್ಕೆ. ಕಂಡದ್ದನ್ನು ಮರೆತಾಗಲೇ ಅವಳು ಕೃಷ್ಣನನ್ನು ಮಗನೆಂದು ಮತ್ತೆ ತೊಡೆಯ ಮೇಲೆ ಎತ್ತಿಕೊಳ್ಳಲು ಆದದ್ದು. ಕ್ಯಾರಿಗೆ ಮಗುವೂ ಉಳಿಯಲಿಲ್ಲ, ನೆನಪೂ ಉಳಿಯಲಿಲ್ಲ, ಒಂದು ಮೆಚ್ಚುಗೆಯ ಮಾತೂ ಸಿಗಲಿಲ್ಲ.

2018ರ ಎರಡನೆಯ ಚಿತ್ರ ‘ಇನ್‌ಕ್ರೆಡಿಬಲ್ಸ್ 2’ ನೋಡಿದರೆ ಕ್ಯಾರಿ ಮಾಡಿದ್ದು ಎಷ್ಟು ದೊಡ್ಡದೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರಲ್ಲಿ ಹೆಲೆನ್ ಕೆಲಸಕ್ಕೆ ಹೋಗುತ್ತಾಳೆ, ಮನೆ ಬಾಬ್‌ನ ಪಾಲಿಗೆ ಬೀಳುತ್ತದೆ. ಕಾರು ಎತ್ತಿ ಎಸೆಯಬಲ್ಲ ಆ ಗಂಡಸು ಕೂಸಿನ ಮುಂದೆ ನಿದ್ದೆಗೆಟ್ಟು ಕುಸಿಯುತ್ತಾನೆ. ಬೇರೆ ಆಯಾಮಕ್ಕೆ ಜಾರಿದ ಮಗುವನ್ನು ಬಿಸ್ಕತ್ತು ತೋರಿಸಿ ಕರೆಯುವುದನ್ನು ಕಲಿಯುತ್ತಾನೆ. ಕೊನೆಗೆ ಎಡ್ನಾಳ ಮನೆಗೆ ಒಯ್ಯುತ್ತಾನೆ. ಅವಳು ಒಂದೇ ರಾತ್ರಿ ಮಗುವಿನ ಶಕ್ತಿಗಳನ್ನು ಪರೀಕ್ಷಿಸಿ ತಕ್ಕ ಉಡುಪು ಹೊಲಿಯುತ್ತಾಳೆ. ಆ ರಾತ್ರಿಯ ಕಥೆಯನ್ನು ‘ಆಂಟಿ ಎಡ್ನಾ’ ಎಂಬ ಕಿರುಚಿತ್ರವಾಗಿ ಟೆಡ್ ಮ್ಯಾಥಟ್ ನಿರ್ದೇಶಿಸಿದರು, ಅದೂ 2018ರಲ್ಲೇ ಬಂತು. ಬಾಬ್‌ಗೆ ದೈತ್ಯಬಲವಿತ್ತು, ಎಡ್ನಾಗೆ ಪ್ರಯೋಗಾಲಯವಿತ್ತು. ಅವರಿಬ್ಬರಿಗೂ ಮುಂಚೆ ಅದೇ ಮಗುವನ್ನು ಬೆಳಗಿನವರೆಗೆ ಒಂದು ಗೀರೂ ಬೀಳದಂತೆ ಕಾದವಳು ಇಕ್ಕಳ, ಕನ್ನಡಿ, ಸಿಲಿಂಡರ್ ಹಿಡಿದ ಹದಿಹರೆಯದ ಹುಡುಗಿ. ಇದು ಅವರಿಗೆ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ. ನೋಡಿದ ನಮಗಷ್ಟೇ ಗೊತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು. ಮಕ್ಕಳ ಜೊತೆ ದೊಡ್ಡ ಚಿತ್ರವನ್ನು ಪೂರ್ತಿ ನೋಡಿ, ಕೊನೆಯ ಅಚ್ಚರಿ ಕೆಡದಿರಲಿ. ಕಿರುಚಿತ್ರವನ್ನು ಆಮೇಲೆ ಹಾಕಿ. ಮೊದಲ ಸಲ ಮಕ್ಕಳು ಕೂಸನ್ನೇ ನೋಡಿ ನಗುತ್ತಾರೆ, ನಗಲಿ. ಎರಡನೆಯ ಸಲ ಕ್ಯಾರಿಯನ್ನು ನೋಡಲು ಹೇಳಿ: ಎಲ್ಲಿ ಹೆದರಿದಳು, ಎಲ್ಲಿ ಕಲಿತಳು, ಯಾವಾಗ ಯಾರಾದರೂ ಬಂದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ನಿಮ್ಮ ಮನೆಯ ಮಗುವನ್ನು ಅಜ್ಜಿಯ ಬಳಿಯೋ, ಪಕ್ಕದ ಮನೆಯವರ ಬಳಿಯೋ, ಕೆಲಸದವರ ಬಳಿಯೋ ಬಿಟ್ಟು ಹೋಗುವಾಗ ಅವರು ಕರೆದರೆ ಎತ್ತುವ ಒಂದು ಫೋನ್ ಇರಲಿ, ಅವರು ದಣಿದಾಗ ಬಂದು ನಿಲ್ಲುವ ಇನ್ನೊಬ್ಬರು ಇರಲಿ, ಮರಳಿ ಬಂದಾಗ ಮಗುವಿನ ಜೊತೆಗೆ ಅವರನ್ನೂ ವಿಚಾರಿಸಿ. ಕ್ಯಾರಿಗೆ ಸಿಗದೆ ಹೋದದ್ದು ಈ ಮೂರೇ.